ಅಂಟಿದ್ದನ್ನು ಬಿಡಿಸದೆ ಮಾಡಿದ ಅನ್ಯೂರಿಸಂ ಆಪರೇಷನ್: ನನ್ನ ಅನುಭವ

ಇನ್‌ಫ್ಲಮೇಟರಿ ಅಯೋರ್ಟಿಕ್ ಅನ್ಯೂರಿಸಂ (ಹೊಟ್ಟೆಯ ಮಹಾಧಮನಿ ಅಯೋರ್ಟಾ ಉಬ್ಬಿ, ಗೋಡೆ ಊತದಿಂದ ದಪ್ಪಗಾಗಿ ಸುತ್ತಲಿನ ಅಂಗಗಳಿಗೆ ಅಂಟುವ ಕಾಯಿಲೆ) ಕಂಡರೆ ಮಂಗಳೂರಿಗೆ ಕಳಿಸಿ ಕೈ ತೊಳೆದುಕೊಳ್ಳಿ. ಕಾಸರಗೋಡಿಗೆ ಬಂದ ಹೊಸದರಲ್ಲಿ ನನಗೆ ಸಿಕ್ಕ ಸಲಹೆ ಇದು. "ಹೊಟ್ಟೆ ತೆರೆದಾಗ ಗೊತ್ತಾಗುತ್ತೆ ಬಿಡಿ" ಎಂದು ನಕ್ಕವರೂ ಇದ್ದರು. ಈಗ ತೆರೆದೇ ಮಾಡುತ್ತಿದ್ದೇನೆ. ನಕ್ಕವರೇ ರೋಗಿಗಳನ್ನು ಕಳಿಸುತ್ತಿದ್ದಾರೆ.

ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಅರವತ್ತು ದಾಟಿದ, ಬೀಡಿ ಬಿಡದ ಗಂಡಸರು. ಹೊಟ್ಟೆನೋವು, ಬೆನ್ನುನೋವು, ಇಎಸ್‌ಆರ್ (ಊತ ತೋರಿಸುವ ರಕ್ತಪರೀಕ್ಷೆ) ಜಾಸ್ತಿ. ತೂಕ ಇಳಿದಿರುವುದರಿಂದ ಕ್ಯಾನ್ಸರ್ ಹುಡುಕಿಸಿ, ಇದ್ದ ದುಡ್ಡು ಕಳೆದುಕೊಂಡೇ ಬಂದಿರುತ್ತಾರೆ. ಸಿಟಿಯಲ್ಲಿ ಅಯೋರ್ಟಾದ ಮುಂದೆ, ಪಕ್ಕಗಳಲ್ಲಿ ದಪ್ಪ ಪದರ ಕಂಡು ಹಿಂದುಗಡೆ ಕಾಣದಿದ್ದರೆ ನನಗೆ ಅಷ್ಟು ಸಾಕು.

ಮೊದಲು ಸ್ಟೀರಾಯ್ಡ್ ಕೊಟ್ಟು ಗೋಡೆ ಮೆತ್ತಗಾದ ಮೇಲೆ ಕೈ ಹಾಕೋಣ ಎಂದು ಸ್ವಲ್ಪ ಕಾಲ ನೋಡಿದೆ. ನೋವು ಇಳಿಯಿತು, ಇಎಸ್‌ಆರ್ ಇಳಿಯಿತು, ಶುಗರ್ ಏರಿತು. ಅನ್ಯೂರಿಸಂ ಇದ್ದಷ್ಟೇ ಇತ್ತು. ನೋವು ಹೋದವರು ಆಪರೇಷನ್ನೇ ಬೇಡ ಎನ್ನುತ್ತಿದ್ದರು. ಬದಿಯಡ್ಕ ಕಡೆಯ ಅಜ್ಜ ಒಬ್ಬರು, "ಗುಣ ಆಯ್ತಲ್ಲ ಡಾಕ್ಟ್ರೇ, ಇನ್ನು ಎಂತಕ್ಕೆ ಕೊಯ್ಯುದು?" ಎಂದು ಎದ್ದು ಹೋದರು. ತಿರುಗಿ ಬಂದದ್ದು ಒಡೆದ ಮೇಲೆ. ಉಳಿಯಲಿಲ್ಲ. ಗೋಡೆ ದಪ್ಪ, ಒಡೆಯುವುದಿಲ್ಲ ಎನ್ನುವವರು ಹಿಂದಿನ ಗೋಡೆಯನ್ನು ಮರೆತಿರುತ್ತಾರೆ. ಈಗ 5.5 ಸೆಂಟಿಮೀಟರ್ ದಾಟಿದರೆ ನಾನು ಕಾಯುವುದಿಲ್ಲ.

ಇನ್ನು ಆಪರೇಷನ್. 1972ರಲ್ಲಿ ವಾಕರ್ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದಾಗಿನಿಂದ ಎಲ್ಲರ ಭಯ ಒಂದೇ ಅಲ್ವಾ, ಸಣ್ಣಕರುಳಿನ ಮೊದಲ ಭಾಗ ಡುವೊಡಿನಂ ಬಿಡಿಸುವಾಗ ಹರಿದೀತು ಎಂದು. ಹೊಳೆಯುವ ಬಿಳಿ ಗೋಡೆ, ಮೇಲೆ ಸಣ್ಣ ಸಣ್ಣ ಕೆಂಪು ನಾಳಗಳು, ಅದಕ್ಕೆ ಡುವೊಡಿನಂ ಹಲಸಿನ ಮೇಣದಲ್ಲಿ ಅಂಟಿಸಿದ ಹಾಗೆ ಕೂತಿರುತ್ತದೆ. ನಾನು ಅದನ್ನು ಮುಟ್ಟುವುದೇ ಇಲ್ಲ. ಎಡ ಮಗ್ಗುಲಿಂದ ಚೀಲ ತೆರೆಯುತ್ತೇನೆ. ಡುವೊಡಿನಂ ಹಿಡಿದುಕೊಂಡ ಗೋಡೆಯ ತುಂಡನ್ನು ಅದಕ್ಕೇ ಬಿಡುತ್ತೇನೆ. ಎಡ ಕಿಡ್ನಿಯ ರೀನಲ್ ವೇನ್, ದೊಡ್ಡ ರಕ್ತನಾಳ ವೀನಾ ಕಾವಾ, ಮೂತ್ರನಾಳ ಯುರೇಟರ್ ಯಾವುದನ್ನೂ ಕೆದಕುವುದಿಲ್ಲ. ಇಲಿಯಾಕ್‌ಗಳ (ಕಾಲಿನ ಕಡೆ ಹೋಗುವ ಧಮನಿಗಳು) ಸುತ್ತ ಲೂಪ್ ಹಾಕಲು ಹೋಗದೆ ಒಳಗಿನಿಂದ ಬಲೂನ್ ಬಿಟ್ಟು ರಕ್ತ ತಡೆಯುತ್ತೇನೆ.

ರಕ್ತ ತಡೆಯುವ ಕ್ಲಾಂಪ್ ಮೇಲೆ, ಹೊಟ್ಟೆಯ ಅಂಗಗಳಿಗೆ ಹೋಗುವ ಮೊದಲ ದೊಡ್ಡ ಕವಲು ಸೀಲಿಯಾಕ್‌ಗಿಂತಲೂ ಮೇಲೆ. ಜಠರದ ಮೇಲಂಚಿನ ಪೊರೆ ಲೆಸ್ಸರ್ ಓಮೆಂಟಂ ತೆರೆದು, ವಪೆಯ ಸ್ನಾಯು ಕ್ರೂರಾ ಸರಿಸಿ, ಅಯೋರ್ಟಾದ ಎರಡೂ ಬದಿ ಬೆರಳು ಇಳಿಸಿದರೆ ಸಾಕು. ಅಲ್ಲಿ ಊತ ಇರುವುದಿಲ್ಲ. ಗ್ರಾಫ್ಟಿನ (ಕೃತಕ ನಾಳ) ಮೇಲಿನ ಹೊಲಿಗೆ ಮುಗಿದ ತಕ್ಷಣ ಕ್ಲಾಂಪನ್ನು ಗ್ರಾಫ್ಟಿಗೆ ಇಳಿಸಬೇಕು. ಅರ್ಧ ಗಂಟೆ ದಾಟಿದರೆ ಕಿಡ್ನಿ ಸುಮ್ನೆ ಬಿಡುವುದಿಲ್ಲ. ನನಗೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹೊಲಿಗೆಯ ಮೊದಲ ಮೂರು ಕಚ್ಚು ಎಲ್ಲಿ ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಥಿಯೇಟರಿಗೆ ಬನ್ನಿ ತೋರಿಸುತ್ತೇನೆ.

ಶುರುವಿನಲ್ಲಿ ಒಂದಿಬ್ಬರ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) ಮೂರು ದಾಟಿ ಡಯಾಲಿಸಿಸ್ ಬೇಕಾಯಿತು. ಒಬ್ಬರದು ಕೆಳಗೆ ಬರಲೇ ಇಲ್ಲ.

ಕಿಡ್ನಿ ಊದಿಕೊಂಡಿದ್ದರೆ ಮೊದಲೇ ಡಿಜೆ ಸ್ಟೆಂಟ್ (ಮೂತ್ರ ಇಳಿಯಲು ಯುರೇಟರ್ ಒಳಗೆ ಇಡುವ ಕೊಳವೆ). ಯುರೇಟರ್ ಬಿಡಿಸುವ ಸಾಹಸ ಬೇಡ. ಗ್ರಾಫ್ಟ್ ಹಾಕಿದ ಮೇಲೆ ಫೈಬ್ರೋಸಿಸ್ (ಸುತ್ತ ಅಂಟಿದ ನಾರಿನ ಪದರ) ಹೆಚ್ಚಿನವರಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತದೆ. ಈವಾರ್‌ನಲ್ಲಿ (ಹೊಟ್ಟೆ ತೆರೆಯದೆ, ತೊಡೆಯ ನಾಳದಿಂದ ಸ್ಟೆಂಟ್ ಗ್ರಾಫ್ಟ್ ಕೂರಿಸುವುದು) ಆಪರೇಷನ್ ಸುತ್ತಿನ ಸಾವು ಕಡಿಮೆ, ಒಪ್ಪುತ್ತೇನೆ. ಆದರೆ ಕಿಡ್ನಿಯ ಊತ ಅಲ್ಲಿ ಅಷ್ಟು ಚೆನ್ನಾಗಿ ಇಳಿಯುವುದಿಲ್ಲ. ಹೃದಯ, ಶ್ವಾಸಕೋಶ ಎರಡೂ ಕೆಟ್ಟವರನ್ನು ನಾನೇ ಈವಾರ್‌ಗೆ ಕಳಿಸುತ್ತೇನೆ.

ಉಳಿದವರಿಗೆ ದುಡ್ಡಿನ ಮಾತು. ಸ್ಟೆಂಟ್ ಗ್ರಾಫ್ಟಿಗೇ ಹಲವು ಲಕ್ಷ, ಮೇಲೆ ವರ್ಷ ವರ್ಷ ಸಿಟಿ. ಕೇರಳ ಸರ್ಕಾರದ ಆರೋಗ್ಯ ಯೋಜನೆಯ ಕಾರುಣ್ಯ ಕಾರ್ಡಿನಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷವೇ ಮಿತಿ. ತೆರೆದು ಹೊಲಿಯುವ ಡಾಕ್ರಾನ್ ಬಟ್ಟೆಯ ಗ್ರಾಫ್ಟಿನ ಬೆಲೆ ಸ್ಟೆಂಟ್ ಗ್ರಾಫ್ಟಿನ ಹತ್ತಿರವೂ ಸುಳಿಯುವುದಿಲ್ಲ. ಐಸಿಯು ಸೇರಿ ನಮ್ಮಲ್ಲಿ ಹೆಚ್ಚು ಕಡಿಮೆ ಎರಡೂವರೆ, ಮೂರು ಲಕ್ಷದೊಳಗೆ ಮುಗಿಯುತ್ತದೆ. ಸೋರಿದ ರಕ್ತವನ್ನು ತೊಳೆದು ಮತ್ತೆ ಕೊಡುವ ಯಂತ್ರ ಸೆಲ್ ಸೇವರ್ ನಮ್ಮಲ್ಲಿ ಇಲ್ಲ. ಹಾಗಾಗಿ ಅಳಿಯಂದಿರು, ಸೋದರಳಿಯಂದಿರು ಎಲ್ಲರೂ ಹಿಂದಿನ ದಿನವೇ ರಕ್ತ ಕೊಟ್ಟಿರಬೇಕು, ಇದರಲ್ಲಿ ರಾಜಿ ಇಲ್ಲ.

ಈಚೆಗೆ ಗೋಡೆಯ ಚೂರೊಂದನ್ನು ಐಜಿಜಿ4 (ಇಂಥ ಊತದಲ್ಲಿ ಕೆಲವೊಮ್ಮೆ ಕಾಣುವ ಪ್ರತಿಕಾಯ) ನೋಡಲು ಕಳಿಸುತ್ತಿದ್ದೇನೆ. ಪಾಸಿಟಿವ್ ಬಂದವರಿಗೆ ಗಾಯ ಒಣಗಿದ ಮೇಲೆ ಸ್ಟೀರಾಯ್ಡ್ ಕೊಟ್ಟು ನೋಡುತ್ತಿದ್ದೇನೆ. ಪರೀಕ್ಷೆಯ ಖರ್ಚು ಸದ್ಯಕ್ಕೆ ನನ್ನ ಜೇಬಿನಿಂದ.