ವೆಂಟಿಲೇಟರ್ ‘ಲೋ ಪ್ರೆಶರ್’ ಎಂದು ಕೂಗಿದರೆ

ಮೊದಲು ನೋಡಬೇಕಾದ್ದು ಪರದೆಯನ್ನಲ್ಲ, ರೋಗಿಯ ಎದೆಯನ್ನು. ಎದೆ ಏರುತ್ತಿಲ್ಲವೇ, ಆಕ್ಸಿಜನ್ ಮಟ್ಟ ಇಳಿಯುತ್ತಿದೆಯೇ? ಯಂತ್ರ ಬಿಡಿಸಿ ಆಂಬು ಬ್ಯಾಗ್‌ನಿಂದ (ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ) ಉಸಿರು ಕೊಡಿ, ಸಹಾಯಕ್ಕೆ ಕೂಗಿ, ರಿಪೇರಿ ಆಮೇಲೆ.

ಲೋ ಪ್ರೆಶರ್ ಎಂದರೆ ಬಹುಪಾಲು ಗಾಳಿ ಸೋರಿಕೆ. ರೋಗಿಯ ಕಡೆಯಿಂದ ಯಂತ್ರದ ಕಡೆಗೆ ಕೈಯಾಡಿಸುತ್ತ ಬನ್ನಿ: ಶ್ವಾಸನಾಳದ ಟ್ಯೂಬಿನ ಕಫ್ (ಗಾಳಿ ಸೋರದಂತೆ ತಡೆಯುವ, ಉಬ್ಬಿಸಿದ ಬಲೂನು; 20ರಿಂದ 30 ಸೆಂ.ಮೀ. ನೀರಿನ ಒತ್ತಡ ಇರಬೇಕು), ಫಿಲ್ಟರಿನ ಜೋಡಣೆ, ವಾಟರ್ ಟ್ರ್ಯಾಪ್ (ಕೊಳವೆಯ ನೀರು ಸೇರುವ ಬಟ್ಟಲು), ಉಸಿರು ಹೊರಹೋಗುವ ವಾಲ್ವ್. ತೊಳೆದು ಜೋಡಿಸುವಾಗ ವಾಲ್ವಿನ ಡಯಾಫ್ರಂ (ತೆಳು ಪೊರೆ) ಉಲ್ಟಾ ಕೂತಿರುವುದೂ ಉಂಟು.

ಹೈ ಪ್ರೆಶರ್ ಆದರೆ ಕಫ, ಮಡಚಿದ ಟ್ಯೂಬ್ ಅಥವಾ ಅದರೊಳಗೆ ನಿಂತ ನೀರು ನೋಡಿ. ಆ ನೀರನ್ನು ರೋಗಿಯ ಕಡೆಗೆ ಎಂದೂ ಬಾಗಿಸಬೇಡಿ.

ತೊಳೆಯಬಹುದಾದ ಸ್ಪಂಜ್ ಫಿಲ್ಟರನ್ನು ಪೂರ್ತಿ ಒಣಗಿಸಿಯೇ ಹಾಕಿ. ಸರ್ಕ್ಯೂಟ್ (ಯಂತ್ರದಿಂದ ರೋಗಿಯವರೆಗಿನ ಕೊಳವೆಗಳು) ಬದಲಿಸಿದಾಗಲೆಲ್ಲ ರೋಗಿಗೆ ಸಿಕ್ಕಿಸುವ ಮೊದಲೇ ಲೀಕ್ ಟೆಸ್ಟ್ ಮಾಡಿ.