ಕಾಶ್ಮೀರ ಗ್ರೇಟ್ ಲೇಕ್ಸ್ ಹೊರಟಿದ್ದೀರಾ? ನಿಚ್ನೈ ದಾಟುವ ಮುಂಚೆ ಯೋಚಿಸಿ

ಕಾಶ್ಮೀರದ ಎತ್ತರದ ಸರೋವರಗಳನ್ನು ನೋಡುತ್ತ ಸಾಗುವ ಈ ಚಾರಣಕ್ಕೆ ಫೋಟೊ ನೋಡಿ ಟಿಕೆಟ್ ತೆಗೆಯುವವರೇ ಜಾಸ್ತಿ. ತಪ್ಪೇನಿಲ್ಲ, ಆ ನೀರಿನ ಬಣ್ಣ ನಿಜಕ್ಕೂ ಹಾಗೇ ಇದೆ. ಫೋಟೊದಲ್ಲಿ ಕಾಣದೇ ಇರೋದು ಮೂರು ಪಾಸ್‌ಗಳು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿಗಳು: ನಿಚ್ನೈ, ಗಡ್ಸರ್, ಜಾಜ್. ಸೋನಮಾರ್ಗ್ ಪಕ್ಕದ ಶಿಟ್ಕಡಿಯಲ್ಲಿ ಶುರುವಾಗಿ ನಾರಾನಾಗ್‌ನಲ್ಲಿ ಇಳಿಯುವವರೆಗೆ 70 ಕಿ.ಮೀ.ಗೂ ಸ್ವಲ್ಪ ಹೆಚ್ಚು ದಾರಿ, ಆರೇಳು ದಿನದ ನಡಿಗೆ. ಸರೋವರಗಳೆಲ್ಲ ನಿಚ್ನೈ ಪಾಸಿನ ಆಚೆಗಿನ ಕಣಿವೆಗಳಲ್ಲಿವೆ. ಅಂದರೆ ನಿಚ್ನೈ ದಾಟಿ ವಿಷನ್‌ಸರ್ ಸರೋವರದ ಕಡೆ ಇಳಿದ ಮೇಲೆ "ಯಾಕೋ ಆಗ್ತಿಲ್ಲ, ವಾಪಸ್ ಹೋಗ್ತೀನಿ" ಅಂದರೂ ಮತ್ತೆ ಅದೇ 4,000 ಮೀಟರ್ ಎತ್ತರದ ಪಾಸ್ ಹತ್ತಿಯೇ ಬರಬೇಕು. ಇದೊಂದು ತಲೆಯಲ್ಲಿದ್ದರೆ ಉಳಿದ ತಯಾರಿ ತಾನಾಗಿ ಸರಿಹೋಗುತ್ತದೆ.

ಕಾಲ ಅಂದರೆ ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜುಲೈ ಶುರುವಿನಲ್ಲಿ ಪಾಸ್‌ಗಳ ಮೇಲೆ ಹಿಮ ಉಳಿದಿರುತ್ತದೆ, ಗಡ್ಸರ್ ಸರೋವರದ ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿರುವುದೂ ಉಂಟು. ಹೂವು ಬೇಕಿದ್ದರೆ ಜುಲೈ ಕೊನೆಯಿಂದ ಆಗಸ್ಟ್. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿ, ರಾತ್ರಿ ಚಳಿ ಜೋರು, ಹುಲ್ಲು ಕಂದಿರುತ್ತದೆ. ನನ್ನ ಕೇಳಿದರೆ ಆಗಸ್ಟ್ ಕೊನೆ. ಪೀರ್ ಪಂಜಾಲ್ ಸಾಲು ಅಡ್ಡ ನಿಂತಿರುವುದರಿಂದ ಉತ್ತರಾಖಂಡದಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ಹಾಗಂತ ಹವಾಮಾನವನ್ನು ಹಗುರವಾಗಿ ತಗೋಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅದು ಬೇರೆ ದಾರಿ, ಬೇರೆ ರಾಜ್ಯ, ಆದರೆ ಎತ್ತರ ಹೆಚ್ಚುಕಮ್ಮಿ ಇದೇ.

ಇನ್ನು ಮೈ ತಯಾರಿ. "ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೀನಿ, ಇದೇನು ಮಹಾ" ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಕುಮಾರ ಪರ್ವತ 1,712 ಮೀಟರ್, ಗಡ್ಸರ್ ಪಾಸ್ ಸುಮಾರು 4,200. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಶೇಕಡ 60ರಷ್ಟು ಮಾತ್ರ, ಇದಕ್ಕೆ ಜಿಮ್ಮಿನಲ್ಲಿ ತಯಾರಾಗೋಕೆ ಆಗಲ್ಲ. ಕಾಲು ಮತ್ತು ಉಸಿರನ್ನು ಪಳಗಿಸಬಹುದು ಅಷ್ಟೇ. ಎರಡು ಮೂರು ತಿಂಗಳು ಮುಂಚೆಯೇ ಶುರು ಮಾಡಿ, 5 ಕಿ.ಮೀ. ದೂರವನ್ನು 35-40 ನಿಮಿಷದಲ್ಲಿ ಓಡುವ ಮಟ್ಟಕ್ಕೆ ಬನ್ನಿ, ಬ್ಯಾಗಿಗೆ ಏಳೆಂಟು ಕೆ.ಜಿ. ತುಂಬಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನೂ ಅಭ್ಯಾಸ ಮಾಡಿ, ಮಂಡಿ ಕೈಕೊಡುವುದು ಅಲ್ಲೇ.

ಬೂಟು ಹೊಸದಾಗಿ ಕೊಂಡು ನೇರವಾಗಿ ಬೆಟ್ಟಕ್ಕೆ ಹಾಕಿಕೊಂಡು ಹೋಗಬೇಡಿ, ಒಂದು ತಿಂಗಳಾದರೂ ಹಾಕಿ ತಿರುಗಾಡಿರಿ. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿ. ಇಳಿಜಾರು ಬಂದಾಗ ಒಂದು ನಿಮಿಷ ನಿಂತು, ಹಿಮ್ಮಡಿಯನ್ನು ಬೂಟಿನ ಹಿಂಭಾಗಕ್ಕೆ ಒತ್ತಿಟ್ಟು, ಪಾದದ ಗಂಟಿನ ಹತ್ತಿರ ಲೇಸ್ ಬಿಗಿಯಾಗಿ ಎಳೆದು ಕಟ್ಟಿ. ಹಾಗೆ ಮಾಡದಿದ್ದರೆ ಪಾದ ಮುಂದಕ್ಕೆ ಜಾರಿ ಪ್ರತಿ ಹೆಜ್ಜೆಗೂ ಹೆಬ್ಬೆರಳು ಬೂಟಿಗೆ ಗುದ್ದುತ್ತದೆ, ಸಂಜೆ ಸಾಕ್ಸ್ ತೆಗೆದಾಗ ಉಗುರು ಕಪ್ಪಾಗಿರುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಳಗೆ ಥರ್ಮಲ್, ನಡುವೆ ಫ್ಲೀಸ್, ಮೇಲೆ ದಪ್ಪ ಜಾಕೆಟ್, ಎಲ್ಲದರ ಮೇಲೆ ಮಳೆ ತಡೆಯುವ ಪೊಂಚೊ. ಜೀನ್ಸ್ ಬೇಡ, ಒದ್ದೆಯಾದರೆ ಒಣಗಲ್ಲ. ಒಂದು ಜೊತೆ ಸಾಕ್ಸ್ ಮಲಗೋಕೆ ಅಂತಲೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಬಿಡಿ, ಏನೇ ಆದರೂ ಹಗಲು ಮುಟ್ಟಬೇಡಿ. ಪವರ್ ಬ್ಯಾಂಕ್ ರಾತ್ರಿ ಸ್ಲೀಪಿಂಗ್ ಬ್ಯಾಗಿನ ಒಳಗಿರಲಿ, ಚಳಿಗೆ ಚಾರ್ಜ್ ಇಳಿಯುತ್ತದೆ. ಚಟ್ನಿಪುಡಿ ಮರೆಯಬೇಡಿ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಬರೀ ದಾಲ್ ಅನ್ನ ಗಂಟಲಲ್ಲಿ ಇಳಿಯದಿದ್ದಾಗ ಅದೇ ಗತಿ.

ಆಧಾರ್ ಕಾರ್ಡಿನ ಮೂಲಪ್ರತಿಯೇ ಇರಲಿ, ದಾರಿಯಲ್ಲಿ ಸೇನೆಯವರು ತಪಾಸಣೆ ಮಾಡುತ್ತಾರೆ. ನಮ್ಮ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಬೆಟ್ಟ ಹತ್ತಿದ ಮೇಲೆ ಸುಮ್ನೆ ಜೇಬಲ್ಲಿರುತ್ತದೆ ಅಷ್ಟೇ, ಮನೆಯವರಿಗೆ ಮೊದಲೇ ಹೇಳಿಬಿಡಿ. ಆ ವರ್ಷ ದಾರಿ ತೆರೆದಿದೆಯಾ ಅಂತ ವಿಮಾನದ ಟಿಕೆಟ್ ತೆಗೆಯುವ ಮುಂಚೆ ವಿಚಾರಿಸಿ.

ಈಗ ಮುಖ್ಯ ವಿಷಯ. ಬೆಂಗಳೂರು 900 ಮೀಟರ್ ಚಿಲ್ಲರೆ, ಸೋನಮಾರ್ಗ್ 2,700ರ ಆಸುಪಾಸು, ಮೊದಲ ದಿನದ ನಿಚ್ನೈ ಕ್ಯಾಂಪ್ 3,500. ಬೆಳಗ್ಗೆ ಶ್ರೀನಗರದಲ್ಲಿಳಿದು ಮರುದಿನವೇ ಹತ್ತೋಕೆ ಹೊರಟರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸೋನಮಾರ್ಗ್‌ನಲ್ಲಿ ಸಾಧ್ಯವಾದರೆ ಎರಡು ರಾತ್ರಿ ಕಳೆಯಿರಿ. ನಿಚ್ನೈ ಕ್ಯಾಂಪ್ ತಲುಪಿದ ಸಂಜೆ ನಿಮ್ಮನ್ನು ನೀವೇ ಗಮನಿಸಿಕೊಳ್ಳಿ. ಸಣ್ಣ ತಲೆನೋವು ಬಹಳ ಜನಕ್ಕೆ ಬರುತ್ತದೆ, ನೀರು ಕುಡಿದು ಮಲಗಿದರೆ ಹೋಗುತ್ತದೆ. ಆದರೆ ಬೆಳಗ್ಗೆಯೂ ತಲೆನೋವು ಹಾಗೇ ಇದೆ, ವಾಂತಿ ಬರುವಂತಿದೆ, ಊಟ ಬೇಡ ಅನಿಸುತ್ತಿದೆ ಅಂದರೆ ಮೇಲಕ್ಕೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನೆಟ್ಟಗೆ ನಡೆಯೋಕೆ ಆಗದೆ ತೂರಾಡುತ್ತಿದ್ದರೆ ಆಗಲೇ ಕೆಳಗಿಳಿಸಬೇಕು, ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ. ಇಲ್ಲಿಂದ ಸೋನಮಾರ್ಗ್ ಒಂದು ದಿನದ ಇಳಿಜಾರು. ಮುಂದೆ ಈ ಅನುಕೂಲ ಇರಲ್ಲ. ಎತ್ತರದ ಕಾಯಿಲೆ ತಡೆಯೋಕೆ ತಗೊಳ್ಳುವ ಡೈಮಾಕ್ಸ್ ಮಾತ್ರೆಯನ್ನು ಊರಲ್ಲೇ ಡಾಕ್ಟರನ್ನು ಕೇಳಿ ತಗೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಹೇಳಲೇಬೇಕು. ಗೈಡ್ ಹತ್ತಿರ ಮುಚ್ಚಿಡಬೇಡಿ. ದುಡ್ಡು ಕೊಟ್ಟಿದ್ದೀವಲ್ಲ ಅಂತ ಹಲ್ಲು ಕಚ್ಚಿಕೊಂಡು ನಡೆಯುವವರೇ ಇಡೀ ತಂಡವನ್ನು ಕಷ್ಟಕ್ಕೆ ಸಿಕ್ಕಿಸೋದು.

ನಿಚ್ನೈ ದಾಟಿದಿರಾ, ಇನ್ನು ನೋಡೋಕೆ ಎರಡು ಕಣ್ಣು ಸಾಲದು. ವಿಷನ್‌ಸರ್, ಅದರ ಮೇಲೆ ಕಿಶನ್‌ಸರ್, ಆಮೇಲೆ ಗಡ್ಸರ್ ಪಾಸಿನ ಕಡಿದಾದ ಏರು. ಇದೇ ಅತಿ ಉದ್ದದ ದಿನ, ಹಾಗಾಗಿ ಬೆಳಕು ಹರಿಯುತ್ತಲೇ ಹೊರಡಿ, ಮಧ್ಯಾಹ್ನದೊಳಗೆ ಪಾಸ್ ದಾಟಿರಬೇಕು. ಮೋಡ ಕಟ್ಟುವುದು ಸಾಮಾನ್ಯವಾಗಿ ಆಮೇಲೆ. ಅರ್ಧ ಏರಿ ಹಿಂತಿರುಗಿ ನೋಡಿದರೆ ಎರಡೂ ಸರೋವರ ಒಟ್ಟಿಗೆ ಕಾಣುತ್ತವೆ. ಸುಸ್ತಾದಾಗ ನಿಲ್ಲೋಕೆ ಅದೇ ನೆಪ. ಸತ್ಸರ್ ಸರೋವರಗಳನ್ನು ದಾಟಿದ ಮೇಲೆ ದೊಡ್ಡ ಬಂಡೆಗಳ ರಾಶಿ ಇದೆ, ಮಳೆ ಬಂದಿದ್ದರೆ ಕೈ ಊರಿ ನಿಧಾನಕ್ಕೆ ದಾಟಿ, ಅಲ್ಲಿ ಫೋನ್ ಜೇಬಿನಲ್ಲೇ ಇರಲಿ.

ಜಾಜ್ ಪಾಸಿನ ಆಚೆ ಹರ್ಮುಖ್ ಪರ್ವತದ ಕೆಳಗೆ ಗಂಗಬಲ್ ಮತ್ತು ನಂದಕೋಲ್ ಸರೋವರಗಳು. ಕಾಶ್ಮೀರಿ ಪಂಡಿತರಿಗೆ ಗಂಗಬಲ್ ಯಾತ್ರಾಸ್ಥಳ, ಸೋಪು ಶಾಂಪೂ ನೀರಿಗೆ ಹಾಕಬೇಡಿ. ಕೊನೆಯ ದಿನ ನಾರಾನಾಗ್‌ಗೆ ಸಾವಿರ ಮೀಟರಿಗೂ ಹೆಚ್ಚು ಇಳಿಜಾರು, ಕೋಲು ಇದ್ದವರು ಬಚಾವ್. ಕೆಳಗೆ ಹಳೆಯ ಶಿವ ದೇವಾಲಯದ ಕಲ್ಲುಗಳಿವೆ, ಟ್ಯಾಕ್ಸಿ ಹತ್ತುವ ಮುಂಚೆ ಒಂದರ್ಧ ಗಂಟೆ ನೋಡಿ. ವಾಪಸ್ ವಿಮಾನವನ್ನು ಮರುದಿನಕ್ಕೆ ಬುಕ್ ಮಾಡಬೇಡಿ. ಮಳೆಗೆ ಒಂದು ದಿನ ಟೆಂಟಿನಲ್ಲೇ ಕೂರಬೇಕಾಗಿ ಬಂದರೆ ಆ ಟಿಕೆಟ್ ನೆನಪಾಗಿಯೇ ಜನ ಕೆಟ್ಟ ಹವೆಯಲ್ಲಿ ಪಾಸ್ ಹತ್ತೋಕೆ ಹೋಗೋದು.