ಎರಡು ಬೂದು ಶೇಡು, ಎರಡು ಮಡಚಿದ ರಟ್ಟು

ಕೋಣೆಯ ಗೋಡೆಗೆ ಆರಿಸಬೇಕಿದ್ದದ್ದು ಎರಡರಲ್ಲಿ ಒಂದು: ಒಂದು ಹಸಿರಿಗೆ ವಾಲಿದ ಬೂದು, ಇನ್ನೊಂದು ಕೆಂಪಿಗೆ ವಾಲಿದ್ದು. ಶೇಡ್ ಕಾರ್ಡಿನಲ್ಲಿ ಎರಡರ ಎಲ್‌ಆರ್‌ವಿಯೂ 58–60ರ ಆಸುಪಾಸು, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಅಷ್ಟು ಪಾಲು ಎರಡೂ ವಾಪಸ್ ಕೊಡುತ್ತವೆ. "ಎರಡೂ ಒಂದೇ, ಯಾವುದಾದರೂ ಹೊಡೀರಿ" ಅಂದವರೇ ಹೆಚ್ಚು. ನಾಲ್ಕು ಗೋಡೆಗೆ ಬಿದ್ದಮೇಲೆ ಒಂದೇ ಅಲ್ಲ ಅಂತ ಗೊತ್ತಾದರೆ ಬಕೆಟ್ಟಿನ ದುಡ್ಡೂ ಕೂಲಿಯೂ ನೀರುಪಾಲು. ಅಂಗಡಿಯಲ್ಲಿ ಟಿಂಟ್ ಮಾಡಿಸಿದ (ಶೇಡಿಗೆ ತಕ್ಕಂತೆ ಬೆರೆಸಿದ) ಬಣ್ಣ ವಾಪಸ್ ಹೋಗಲ್ಲ.

ಹಳೇ ಹಳದಿ ಗೋಡೆಯ ಮೇಲೇ ಅಂಗೈಯಗಲ ಹಚ್ಚಿ ನೋಡಿದ್ದು ದಂಡ. ಸುತ್ತಲ ಹಳದಿಗೆ ಎರಡೂ ನೀಲಿಯಾಗಿ ಕಂಡವು. ಆಮೇಲೆ ಬಿಳಿ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಲೇಪ) ಮೇಲೆ ಒಂದೇ ಕೋಟ್: ತಳ ಇಣುಕಿ ಎರಡೂ ತಿಳಿಯಾದವು. ಹಸಿಯಲ್ಲೇ ತೀರ್ಮಾನಿಸಿದ್ದು ಇನ್ನೊಂದು ತಪ್ಪು. ಎಮಲ್ಷನ್ (ನೀರು ಬೆರೆಸುವ ಗೋಡೆಬಣ್ಣ) ಒಣಗಿದಮೇಲೆ ಸಾಮಾನ್ಯವಾಗಿ ಗಾಢವಾಗುತ್ತೆ.

ಕೈಹಿಡಿದದ್ದು ರಟ್ಟು. ಎರಡಡಿಗೆ ಮೂರಡಿ, ಶೇಡಿಗೊಂದು. ಪ್ರೈಮರ್ ಹಿಂದೆಮುಂದೆ ಎರಡೂ ಕಡೆ, ಇಲ್ಲದಿದ್ದರೆ ಬಿಲ್ಲಿನಂತೆ ಬಾಗುತ್ತೆ. ಮೇಲೆ ರೋಲರಿನಲ್ಲಿ ಎರಡು ಕೋಟ್, ನಡುವೆ ನಾಲ್ಕು ಗಂಟೆ. ಬ್ರಷ್ ಗೆರೆಯ ನೆರಳು ಬೂದುವನ್ನು ಕೊಳಕು ಮಾಡುತ್ತೆ. ಒಂದೊಂದು ರಟ್ಟಿಗೆ 200 ಮಿ.ಲೀ. ತಂದರೆ ಸ್ವಲ್ಪ ಉಳಿಯುತ್ತೆ.

ಒಣಗಿದಮೇಲೆ ಬೆನ್ನಿಗೆ ಚಾಕು ಗೀರಿ, ಬಣ್ಣದ ಮುಖ ಒಳಗಾಗುವಂತೆ ಮಡಚಿ ಮೂಲೆಯಲ್ಲಿ ನಿಲ್ಲಿಸಿ. ಅಸಲು ವಿಷಯ ಇರೋದು ಇಲ್ಲೇ. ಒಂದು ಮಗ್ಗುಲಿನ ಬಣ್ಣ ಇನ್ನೊಂದರ ಮೇಲೆ ಬಿದ್ದು, ಮಡಿಕೆಯ ಹತ್ತಿರ ನಾಲ್ಕು ಬೆರಳಗಲ ಬಣ್ಣ ಗಟ್ಟಿಯಾಗುತ್ತೆ. ಕೋಣೆ ಪೂರ್ತಿ ಹೊಡೆದಾಗ ಕಾಣೋದು ಹೆಚ್ಚುಕಮ್ಮಿ ಆ ಬಣ್ಣವೇ. ಚಪ್ಪಟೆ ರಟ್ಟಿನಲ್ಲಿ ಅಡಗಿದ್ದ ಕೆಂಪು ಆ ಮಡಿಕೆಯಲ್ಲಿ ಸಿಕ್ಕಿಬಿತ್ತು.

ಬಿಳಿ ಹಾಳೆ ಹಿಡಿದು ಪಕ್ಕಪಕ್ಕ ನೋಡೋದು ಒಂದೇ ಸಲ, ವಾಲು ಯಾವ ಕಡೆ ಅಂತ ತಿಳಿಯೋಕೆ. ಆಮೇಲೆ ಒಂದೊಂದೇ. ಜೊತೆಗಿಟ್ಟರೆ ಒಂದು ಇನ್ನೊಂದನ್ನು ತಳ್ಳುತ್ತೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಬೇಕು. ರಾತ್ರಿ ಕೋಣೆಗೆ ಹಾಕುವ ಬಲ್ಬನ್ನೇ ಹಾಕಿ. 2700 ಕೆಲ್ವಿನ್‌ನಲ್ಲಿ (ಹಳದಿ ಬೆಳಕು) ಕೆಂಪು ಬೂದು ಗುಲಾಬಿಯಾಯಿತು, 4000ದಲ್ಲಿ (ಬಿಳಿಗೆ ಹತ್ತಿರದ ಬೆಳಕು) ಅಷ್ಟಿಲ್ಲ.

ಮೊಬೈಲ್ ಫೋಟೋ ನಂಬಬೇಡಿ, ಕ್ಯಾಮೆರಾ ಆ ವಾಲನ್ನೇ ಅಳಿಸಿಹಾಕುತ್ತೆ. ಎರಡನ್ನೂ ಅರ್ಧರ್ಧ ಬೆರೆಸಿಯೂ ನೋಡಿದೆ. ಚೆನ್ನಾಗೇ ಬಂತು, ಆದರೆ ನಾಳೆ ಟಚಪ್‌ಗೆ ಅದೇ ಬಣ್ಣ ಎಲ್ಲಿಂದ ತರೋದು?

ಗೋಡೆಗೆ ಹೋದದ್ದು ಹಸಿರು ಬೂದು. ಉಳಿದ ಕೆಂಪು ಬೂದು ಗೋಡೆಬೀರುವಿನ ಒಳಮೈಗೆ ಸಾಕಾಯಿತು.